ಹುಳಿಯ ಲೆಕ್ಕ

ಲೆಕ್ಕಗಳಲ್ಲಿಯೂ ಕುಲಗೋತ್ರಗಳುಂಟು. ಒಂದು ನಲ್ಲಿಯಿಂದ ತುಂಬುತ್ತ ಇನ್ನೊಂದರಿಂದ ಸೋರುವ ತೊಟ್ಟಿಯ ಲೆಕ್ಕ, ಎದುರುಬದುರು ಬರುವ ಎರಡು ರೈಲುಗಳ ಲೆಕ್ಕ, ಎಂಟು ಆಳು ಆರು ದಿನದಲ್ಲಿ ಕಟ್ಟುವ ಗೋಡೆಯ ಲೆಕ್ಕ, ಚಕ್ರಬಡ್ಡಿಯ ಲೆಕ್ಕ, ಇವು ಶಾಲೆಯ ಮೆಟ್ಟಿಲು ಹತ್ತಿದ ಯಾರನ್ನೂ ಬಿಟ್ಟಿದ್ದಿಲ್ಲ. ಆದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ ಎದುರಾಗುವ ಒಂದು ಪಂಗಡವಿದೆ. ಇಂತಿಷ್ಟು ಅಸಿಟಿಕ್ ಆಮ್ಲವನ್ನು ಇಂತಿಷ್ಟು ನೀರಿಗೆ ಹಾಕಿದೆ, ಪಿಎಚ್ ಎಷ್ಟು. ಅದಕ್ಕೇ ಇಂತಿಷ್ಟು ಕಾಸ್ಟಿಕ್ ಸೋಡ ಸುರಿದೆ, ಈಗ ಎಷ್ಟು. ಇನ್ನೂ ಒಂದು ಹನಿ ಬಿಟ್ಟರೆ ಎಷ್ಟು. ಆಮ್ಲ-ಪ್ರತ್ಯಾಮ್ಲ ಸಮತೋಲನದ ಲೆಕ್ಕಗಳೆಂದು ಇವುಗಳ ಶಾಸ್ತ್ರೀಯ ನಾಮಧೇಯ. ಹುಡುಗರು 'ಅಯಾನಿಕ್ ಈಕ್ವಿಲಿಬ್ರಿಯಮ್' ಎನ್ನುತ್ತಾರೆ, ಎನ್ನುವಾಗ ಮುಖ ತುಸು ಬಾಡುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಅಧ್ಯಾಯವಿಲ್ಲ ಎಂದು ಪಾಠ ಹೇಳುತ್ತಿದ್ದಾಗಲೂ ನನಗೆ ಅನ್ನಿಸುತ್ತಿತ್ತು, ನಿವೃತ್ತನಾಗಿ ಜಗಲಿಯ ಕುರ್ಚಿಗೆ ಬಂದ ಮೇಲೂ ಅನ್ನಿಸುತ್ತಿದೆ.

ಇಷ್ಟು ಕೇಳಿಯೇ ನೀವು ಚಪ್ಪಲಿ ಹುಡುಕುತ್ತಿದ್ದರೆ ದಯವಿಟ್ಟು ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿದು ಹೋಗಿ. ಮಜ್ಜಿಗೆಯಲ್ಲಿರುವುದು ಲ್ಯಾಕ್ಟಿಕ್ ಆಮ್ಲ, ಅದರ ಪಿಕೆಎ 3.86, ಮಾತು ಹೇಗೂ ಅಲ್ಲಿಗೇ ಬರುತ್ತದೆ. ನಮ್ಮ ಅಡುಗೆಮನೆಯಲ್ಲಿ ಸಾರಿಗೆ ಹಾಕುವ ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಚಿತ್ರಾನ್ನಕ್ಕೆ ಹಿಂಡುವ ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಉಪ್ಪಿನಕಾಯಿ ಕೆಡದಿರಲೆಂದು ಈಚಿನವರು ಹಾಕುವ ವಿನೆಗರಿನಲ್ಲಿ ಅಸಿಟಿಕ್ ಆಮ್ಲ, ಮಲೆನಾಡಿನ ಕೆಲವು ಮನೆಗಳಲ್ಲಿ ಇಂದಿಗೂ ಅರೆಯುವ ಚಗಳಿ ಇರುವೆಯ ಚಟ್ನಿಯಲ್ಲಿ ಫಾರ್ಮಿಕ್ ಆಮ್ಲ. ಹೊಟ್ಟೆಯೊಳಗಿನ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬ್ಯಾಟರಿಯೊಳಗಿನ ಗಂಧಕಾಮ್ಲವನ್ನೂ ಬಿಟ್ಟರೆ ನಮ್ಮ ನಿತ್ಯದ ಒಡನಾಟದ ಹುಳಿಗಳೆಲ್ಲ ದುರ್ಬಲ ಆಮ್ಲಗಳೇ, ಮತ್ತು ಲೆಕ್ಕದ ಸ್ವಾರಸ್ಯವೆಲ್ಲ ಇರುವುದು ಈ ದುರ್ಬಲರಲ್ಲಿಯೇ.

ಪ್ರಬಲ ಆಮ್ಲದ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದು ನೀರಿಗೆ ಬಿದ್ದ ಕೂಡಲೇ ಪೂರ್ತಿ ಒಡೆದು ತನ್ನ ಹೈಡ್ರೋಜನ್ ಅಯಾನುಗಳನ್ನೆಲ್ಲ ಕೊಟ್ಟುಬಿಡುತ್ತದೆ. ಎಷ್ಟು ಹಾಕಿದಿರೋ ಅಷ್ಟು ಸಿಕ್ಕಿತು, ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಪಿಎಚ್ ಬಂತು. ದುರ್ಬಲ ಆಮ್ಲ ಅಷ್ಟು ಬೇಗ ಕೈಬಿಡುವುದಿಲ್ಲ. ಒಂದು ಲೀಟರ್ ನೀರಿನಲ್ಲಿ 0.1 ಮೋಲ್ ಅಸಿಟಿಕ್ ಆಮ್ಲವಿದ್ದರೆ ನೂರು ಅಣುಗಳಲ್ಲಿ ಒಡೆದ ಸ್ಥಿತಿಯಲ್ಲಿರುವುದು ಒಂದೂಕಾಲು, ಅದಕ್ಕಿಂತ ಚೂರು ಹೆಚ್ಚು ಅನ್ನಿ. ಅವೂ ಒಡೆದು ಸುಮ್ಮನಿರುವುದಿಲ್ಲ, ಮತ್ತೆ ಕೂಡಿಕೊಳ್ಳುತ್ತವೆ, ಅಷ್ಟರಲ್ಲಿ ಬೇರೆಯವು ಒಡೆಯುತ್ತವೆ. ಹೊರಗಿನಿಂದ ನೋಡಿದವರಿಗೆ ಬೀಕರಿನೊಳಗೆ ನಿಶ್ಚಲ, ನಿರ್ವಿಕಾರ, ಸ್ಫಟಿಕಶುಭ್ರ ನೀರು. ಒಳಗೆ ಪ್ರತಿಕ್ಷಣವೂ ಒಡೆಯುವುದು, ಕೂಡುವುದು ನಡೆದೇ ಇರುತ್ತದೆ, ಎರಡರ ವೇಗವೂ ಸಮನಾಗಿರುವುದರಿಂದ ಒಟ್ಟು ಲೆಕ್ಕ ಬದಲಾಗುವುದಿಲ್ಲ. ಆ ಸಮತೋಲನ ಎಲ್ಲಿ ನಿಲ್ಲುತ್ತದೆಂದು ಹೇಳುವ ಸಂಖ್ಯೆಗೆ ವಿಯೋಜನ ಸ್ಥಿರಾಂಕ ಎನ್ನುತ್ತಾರೆ. ಅಸಿಟಿಕ್ ಆಮ್ಲಕ್ಕೆ ಅದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.8 × 10⁻⁵. ಈ ಸ್ಥಿರಾಂಕದ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಸಿಗುವುದೇ ಪಿಕೆಎ.

ನೀರಿಗೆ ಬಿದ್ದ ವಸ್ತು ತನ್ನಷ್ಟಕ್ಕೇ ಒಡೆದು ವಿದ್ಯುದಾವೇಶದ ತುಣುಕುಗಳಾಗುತ್ತದೆಂಬ ಮಾತನ್ನು ನಾವೀಗ ಹೈಸ್ಕೂಲು ಮಕ್ಕಳಿಗೆ ಹೇಳುತ್ತೇವೆ, ಮಕ್ಕಳೂ ತಕರಾರಿಲ್ಲದೆ ಬರೆದುಕೊಳ್ಳುತ್ತಾರೆ. 1884ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಈ ವಿಚಾರದ ಬೀಜವಿದ್ದ ಪ್ರಬಂಧವನ್ನು ಸ್ವಾಂಟೆ ಅರೇನಿಯಸ್ ಒಪ್ಪಿಸಿದಾಗ ಅಲ್ಲಿನ ಪಂಡಿತರು ಪದವಿಯನ್ನೇನೋ ಕೊಟ್ಟರು, ಆದರೆ ಕೆಳದರ್ಜೆಯಲ್ಲಿ. ತರುಣ ಆ ಪ್ರಬಂಧವನ್ನು ಹೊರದೇಶಗಳ ವಿದ್ವಾಂಸರಿಗೆ ಕಳಿಸಿದ. ರೀಗಾದಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅದನ್ನು ಓದಿ, ತಾನೇ ಹೊರಟು ಉಪ್ಸಾಲಾಕ್ಕೆ ಬಂದು ಅರೇನಿಯಸ್ಸನನ್ನು ಕಂಡ. ಒಂದು ಪ್ರಬಂಧ ಓದಿ ಮೆಚ್ಚಿ, ಬರೆದವನ ಊರಿಗೇ ಹುಡುಕಿಕೊಂಡು ಹೋಗುವವರು ಯಾವ ಕಾಲದಲ್ಲಿಯೂ ಕಡಿಮೆ. ಅದಕ್ಕಾಗಿಯೇ ಓಸ್ಟ್‌ವಾಲ್ಡನ ಮೇಲೆ ನನಗೆ ವಿಶೇಷ ಪ್ರೀತಿ. 1888ರಲ್ಲಿ ಅವನೇ ದುರ್ಬಲ ಆಮ್ಲವನ್ನು ನೀರು ಹಾಕಿ ತೆಳುವಾಗಿಸಿದಷ್ಟೂ ಅದರ ಹೆಚ್ಚೆಚ್ಚು ಪಾಲು ಒಡೆಯುತ್ತದೆಂಬ ನಿಯಮವನ್ನು ಗಣಿತದ ಸೂತ್ರದಲ್ಲಿ ಕೂರಿಸಿದ. ಅರೇನಿಯಸ್‌ಗೆ 1903ರಲ್ಲಿ ನೊಬೆಲ್ ಬಂತು, ಓಸ್ಟ್‌ವಾಲ್ಡ್‌ಗೆ 1909ರಲ್ಲಿ. ಉಪ್ಸಾಲಾದ ಪರೀಕ್ಷಕರ ಹೆಸರುಗಳನ್ನು ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ.

ನಾನು ಈ ಸಮತೋಲನವನ್ನು ಮೊದಲು ಕಂಡದ್ದು ಪಠ್ಯಪುಸ್ತಕದಲ್ಲಲ್ಲ, ಅಡಿಕೆ ತೋಟದ ಅಂಚಿನಲ್ಲಿ. ಮಲೆನಾಡಿನವರಿಗೆ ಕೊಳೆರೋಗದ ಹೆಸರು ಹೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ. ಮಳೆಗಾಲ ಹಿಡಿದು ಕೂತಿತೆಂದರೆ ಎಳೆ ಅಡಿಕೆ ನೀರುನೀರಾಗಿ ಕೊಳೆತು ಉದುರುತ್ತದೆ. ವರ್ಷದ ಅನ್ನ ನೆಲದ ಮೇಲೆ ಬಿದ್ದಿರುತ್ತದೆ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ, 1910ರಲ್ಲಿ ಅದರ ಬಗ್ಗೆ ವರದಿ ಬರೆದು, ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ನಮ್ಮ ತೋಟಗಳಿಗೆ ತಂದ. ಆ ದ್ರಾವಣದ ಮೂಲ ಫ್ರಾನ್ಸಿನ ಬೋರ್ಡೋ ಸೀಮೆ. ಅಲ್ಲಿ ದಾರಿಯಂಚಿನ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನದಿರಲೆಂದು ರೈತರು ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳ್ಳಿಗಳಿಗೆ ಎರಚುತ್ತಿದ್ದರು. ನೀಲಿ ಬಣ್ಣ ಕಂಡವರು ಕೈ ಹಚ್ಚುತ್ತಿರಲಿಲ್ಲ. ಆ ಬಳ್ಳಿಗಳಿಗೆ ಬೂಷ್ಟು ರೋಗವೂ ಹತ್ತಿಲ್ಲವೆಂಬುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ, 1885ರಲ್ಲಿ ಪ್ರಕಟಿಸಿದ. ದ್ರಾಕ್ಷಿ ಕಳ್ಳರಿಗೆ ಹೆದರಿ ಹುಟ್ಟಿದ ಮದ್ದು ನಮ್ಮ ಅಡಿಕೆಯನ್ನು ಉಳಿಸಿತು. ಜ್ಞಾನದ ಗಂಗೆ ಇಂಥ ಹಿತ್ತಿಲ ಬಾಗಿಲಿನಿಂದಲೂ ಹರಿದು ಬರುತ್ತಾಳೆ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇದು ಎಲ್ಲರ ಬಾಯಲ್ಲಿರುವ ಪ್ರಮಾಣ. ಮೈಲುತುತ್ತವನ್ನು ಗೋಣಿಯ ತುಂಡಿನಲ್ಲಿ ಕಟ್ಟಿ ರಾತ್ರಿಯೇ ಮರದ ಪೀಪಾಯಿಯ ನೀರಿನಲ್ಲಿ ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಕರಗಿ ನೀಲಿಯಾಗಿರುತ್ತಿತ್ತು. ಇನ್ನೊಂದು ಪಾತ್ರೆಯಲ್ಲಿ ಸುಣ್ಣ ಅರಳಿಸಿ, ತಣಿಸಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯುತ್ತ ಕೋಲಿನಿಂದ ಕದಡುತ್ತ ಹೋದರೆ ಆಕಾಶದ ಬಣ್ಣದ ಗಂಜಿ ಸಿದ್ಧ. ಇಷ್ಟಾದ ಮೇಲೆ ಅಪ್ಪಯ್ಯನ ಪರೀಕ್ಷೆ.

"ಮಾಣಿ, ಕತ್ತಿ ತಗಂಬಾ."

ಕತ್ತಿಯನ್ನು ಮೊದಲು ಮರಳಿನಲ್ಲಿ ತಿಕ್ಕಿ ಅಲಗು ಬೆಳ್ಳಗೆ ಹೊಳೆಯುವ ಹಾಗೆ ಮಾಡಬೇಕು. ಆಮೇಲೆ ದ್ರಾವಣದಲ್ಲಿ ಅದ್ದಿ ಹಿಡಿಯಬೇಕು, ಅವಸರ ಮಾಡದೆ. ಹೊರಗೆ ತೆಗೆದಾಗ ಅಲಗಿನ ಮೇಲೆ ಕೆಂಪು ಛಾಯೆ ಅಡರಿದ್ದರೆ ಅಪ್ಪಯ್ಯ "ಹುಳಿ ಉಳದದೆ, ಇನ್ನೊಂಚೂರು ಸುಣ್ಣ ಬಿಡು" ಎನ್ನುತ್ತಿದ್ದರು, ಅಡಿಕೆ ಮರ ಹತ್ತುವ ಕೊನೆಗೌಡ ಬಿಡುತ್ತಿದ್ದ. ಮತ್ತೆ ಅದ್ದುವುದು, ಮತ್ತೆ ನೋಡುವುದು. ಅಲಗು ಬೆಳ್ಳಗೇ ಉಳಿದ ಮೇಲೆಯೇ ಪಂಪು ತೋಟಕ್ಕೆ ಇಳಿಯುತ್ತಿದ್ದುದು. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ತಾಮ್ರದ ಅಯಾನುಗಳು ಬಿಡುಬೀಸಾಗಿ ಉಳಿದು, ಕಬ್ಬಿಣದ ಮೇಲೆ ತಾಮ್ರವಾಗಿ ಕೂರುತ್ತವೆ. ಅದೇ ದ್ರಾವಣ ಗೊನೆಗೆ ಬಿದ್ದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ. ಸುಣ್ಣ ಸರಿಯಾಗಿ ಬಿದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಬಂದು, ಕಾಯಿಗೆ ಅಂಟಿಕೊಂಡು, ಮಳೆಗೂ ಜಗ್ಗದೆ ನಿಲ್ಲುತ್ತದೆ. ಹೀಗೆ ಸ್ವಲ್ಪಸ್ವಲ್ಪವೇ ಪ್ರತ್ಯಾಮ್ಲ ಸೇರಿಸುತ್ತ, ಒಂದು ಗುರುತನ್ನು ನೋಡುತ್ತ, ತಟಸ್ಥ ಬಿಂದುವಿನಲ್ಲಿ ಕೈ ನಿಲ್ಲಿಸುವ ಕ್ರಿಯೆಗೆ ಕಾಲೇಜಿನಲ್ಲಿ ಟೈಟ್ರೇಷನ್ ಎನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಬಿಳಿ ಟೈಲಿನ ಮೇಲೆ ಕೋನಿಕಲ್ ಫ್ಲಾಸ್ಕ್ ಇಟ್ಟು, ಎಡಗೈಯಲ್ಲಿ ಬ್ಯುರೆಟ್ಟಿನ ತಿರುಪು ಹಿಡಿದು, ಬಲಗೈಯಲ್ಲಿ ಫ್ಲಾಸ್ಕು ಆಡಿಸುತ್ತ ನಿಂತಾಗ ನನಗೆ ಅದು ಹೊಸ ವಿದ್ಯೆ ಎನ್ನಿಸಲಿಲ್ಲ.

ಲೆಕ್ಕದ ಮಾತಿಗೆ ಬರೋಣ. ಈ ಲೆಕ್ಕಗಳನ್ನು ಹೇಗೆ ಬಿಡಿಸಬೇಕೆಂದು ಕೇಳಿದವರಿಗೆ ನಾನು ಹೇಳುವುದು ಒಂದೇ: ಸೂತ್ರ ನೆನಪು ಮಾಡಿಕೊಳ್ಳುವ ಮೊದಲು ಪಾತ್ರೆಯೊಳಗೆ ಯಾರ್ಯಾರಿದ್ದಾರೆ ಎಂದು ಬರೆಯಿರಿ. ಅಸಿಟಿಕ್ ಆಮ್ಲವನ್ನು ನೀರಿಗೆ ಹಾಕಿದ ಬೀಕರಿನಲ್ಲಿ ನೀರನ್ನು ಬಿಟ್ಟರೆ ನಾಲ್ವರಿದ್ದಾರೆ: ಒಡೆಯದ ಆಮ್ಲ, ಅಸಿಟೇಟ್ ಅಯಾನು, ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು. ನಾಲ್ಕು ಅಜ್ಞಾತಗಳು, ಆದ್ದರಿಂದ ನಾಲ್ಕು ಸಮೀಕರಣಗಳು ಬೇಕು. ಆಮ್ಲದ ಸ್ಥಿರಾಂಕ ಒಂದು ಕೊಡುತ್ತದೆ. ನೀರು ತಾನೇ ಚೂರು ಒಡೆಯುತ್ತದಲ್ಲ, ಅದರ ಸ್ಥಿರಾಂಕ 1.0 × 10⁻¹⁴ ಇನ್ನೊಂದು. ಹಾಕಿದ ಅಸಿಟೇಟು ಎಲ್ಲಿಗೂ ಓಡಿಹೋಗಿಲ್ಲ, ಒಡೆದದ್ದೂ ಒಡೆಯದ್ದೂ ಕೂಡಿದರೆ ಹಾಕಿದಷ್ಟೇ ಆಗಬೇಕು, ಇದು ಮೂರನೆಯದು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಬೀಕರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅಂದರೆ ಧನ ಆವೇಶದ ಮೊತ್ತವೂ ಋಣ ಆವೇಶದ ಮೊತ್ತವೂ ಸಮ. ಈ ನಾಲ್ಕನ್ನು ಸೇರಿಸಿ ಬಿಡಿಸಿದರೆ ಹೈಡ್ರೋಜನ್ ಅಯಾನಿಗೆ ಒಂದು ಘನ ಸಮೀಕರಣ ಬರುತ್ತದೆ. ಒಂದು ಚಮಚ ವಿನೆಗರಿನ ಹುಳಿಯನ್ನು ತಿಳಿಯಲು ಮೂರನೆಯ ಘಾತದ ಸಮೀಕರಣ! ಪ್ರಕೃತಿಯ ಪೂರ್ಣಸತ್ಯ ಅದು. ಅದನ್ನು ಪೆನ್ನು ಕಾಗದದಲ್ಲಿ ಬಿಡಿಸಲು ಕೂತರೆ ಇಡೀ ಮಧ್ಯಾಹ್ನ ಹೋಗುತ್ತದೆ.

ಇಲ್ಲಿಂದ ಈ ವಿದ್ಯೆಯ ನಿಜವಾದ ಕಲೆ ಶುರು. ಏನನ್ನು ಬಿಡಬಹುದು? ಮೊದಲು ನೀರನ್ನು ಬಿಡುತ್ತೇವೆ. ನೀರಿನಿಂದ ಬರುವ ಹೈಡ್ರೋಜನ್ ಅಯಾನು ಆಮ್ಲದಿಂದ ಬರುವುದರ ಮುಂದೆ ಗಣನೆಗೆ ಬಾರದು ಎಂದುಕೊಂಡಾಗ ಘನ ಸಮೀಕರಣ ವರ್ಗ ಸಮೀಕರಣಕ್ಕೆ ಇಳಿಯುತ್ತದೆ. ಆಮೇಲೆ ಮೊದಲು, ಬದಲಾವಣೆ, ಸಮತೋಲನ ಎಂದು ಮೂರು ಸಾಲಿನ ಪಟ್ಟಿ ಹಾಕಿ, ಒಡೆದ ಪ್ರಮಾಣವನ್ನು ಎಕ್ಸ್ ಎಂದು ಕರೆದು, 0.1ರಿಂದ ಎಕ್ಸನ್ನು ಕಳೆಯುವಲ್ಲಿ ಒಂದು ಕ್ಷಣ ನಿಂತು, ಎಕ್ಸ್ ಅಷ್ಟು ಚಿಕ್ಕದಾದ್ದರಿಂದ ಕಳೆಯದಿದ್ದರೂ ನಡೆಯುತ್ತದೆ ಎಂದುಕೊಂಡರೆ ವರ್ಗ ಸಮೀಕರಣವೂ ಹೋಗಿ ಬರಿಯ ವರ್ಗಮೂಲ ಉಳಿಯುತ್ತದೆ. 1.8 × 10⁻⁶ರ ವರ್ಗಮೂಲ 1.34 × 10⁻³, ಪಿಎಚ್ 2.87. ವರ್ಗ ಸಮೀಕರಣವನ್ನು ಪೂರ್ತಿ ಬಿಡಿಸಿದವರಿಗೆ 1.33 × 10⁻³ ಸಿಗುತ್ತದೆ, ಪಿಎಚ್ 2.875. ಎರಡಕ್ಕೂ ಇರುವ ಅಂತರವನ್ನು ಕಾಲೇಜು ಪ್ರಯೋಗಾಲಯದ ಯಾವ ಪಿಎಚ್ ಮೀಟರೂ ನೆಚ್ಚುವ ಹಾಗೆ ತೋರಿಸಲಾರದು.

ಬಿಡುವುದು ಎಂದರೆ ಕಣ್ಣುಮುಚ್ಚಿ ಬಿಡುವುದಲ್ಲ. ಸಾವಿರ ಜನರ ಮದುವೆ ಊಟಕ್ಕೆ ಅಕ್ಕಿ ಅಳೆಯುವ ಅಡುಗೆ ಭಟ್ಟರು ಹೆಚ್ಚಿಗೆ ಬರುವ ಹತ್ತು ಜನರನ್ನು ಎಣಿಸುವುದಿಲ್ಲ, ಹದಿನೈದು ಜನರ ತಿಥಿಯೂಟಕ್ಕೆ ಅದೇ ಹತ್ತು ಜನ ಬರುವುದಾದರೆ ಇನ್ನೊಂದು ಪಾತ್ರೆ ಇಡುತ್ತಾರೆ. ಎಷ್ಟು ಎಂಬುದಲ್ಲ, ಎಷ್ಟರಲ್ಲಿ ಎಷ್ಟು ಎಂಬುದು ಅವರಿಗೆ ಗೊತ್ತು. ನಮ್ಮ ಪುಸ್ತಕಗಳು 5 ಪ್ರತಿಶತ ಎಂಬ ಗೆರೆ ಎಳೆದಿವೆ. ಬಿಟ್ಟ ಎಕ್ಸ್ ಮೂಲ ಸಾಂದ್ರತೆಯ ನೂರಕ್ಕೆ ಐದರೊಳಗಿದ್ದರೆ ಬಿಟ್ಟದ್ದು ಸರಿ, ಮೀರಿದರೆ ಮರಳಿ ಕೂರಬೇಕು. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಅದು 1.34 ಪ್ರತಿಶತ, ಆದ್ದರಿಂದ ಧಾರಾಳವಾಗಿ ಬಿಡಬಹುದು.

ಈ ಮರಳಿ ನೋಡುವ ಕೆಲಸವಿದೆಯಲ್ಲ, ಹುಡುಗರು ಹಾರಿಸುವುದು ಇದನ್ನೇ, ನಾನು ಪ್ರಾಣಕ್ಕೆ ಪ್ರಾಣವಾಗಿ ಹಿಡಿದುಕೊಂಡಿರುವುದೂ ಇದನ್ನೇ. ಅದೇ ಅಸಿಟಿಕ್ ಆಮ್ಲವನ್ನು ತೆಳುವಾಗಿಸುತ್ತ 10⁻⁵ ಮೋಲಾರಿಗೆ ತನ್ನಿ. ಎಕ್ಸನ್ನು ಬಿಟ್ಟು ವರ್ಗಮೂಲ ತೆಗೆದರೆ 1.34 × 10⁻⁵ ಬರುತ್ತದೆ. ಇದ್ದದ್ದು ನೂರು ಅಣು, ಒಡೆದದ್ದು ನೂರಮೂವತ್ತನಾಲ್ಕು! ಇಂಥ ಉತ್ತರ ಬಂದಾಗ ತರಗತಿಯ ಹಿಂದಿನ ಬೆಂಚಿನವರೂ ನಗುತ್ತಾರೆ, ನಕ್ಕ ಮೇಲೆ ಯಾರಿಗೂ ಮರೆಯುವುದಿಲ್ಲ. ವರ್ಗ ಸಮೀಕರಣವನ್ನು ಮರ್ಯಾದೆಯಿಂದ ಬಿಡಿಸಿದರೆ 7.2 × 10⁻⁶, ಅಂದರೆ ನೂರಕ್ಕೆ ಎಪ್ಪತ್ತೆರಡು ಒಡೆದಿವೆ, ಪಿಎಚ್ 5.15. ದುರ್ಬಲವೆಂದು ನಾವು ಹೆಸರಿಟ್ಟ ಆಮ್ಲ ಸಾಕಷ್ಟು ನೀರು ಸಿಕ್ಕಿದರೆ ಮುಕ್ಕಾಲು ಪಾಲು ಒಡೆದು ನಿಲ್ಲುತ್ತದೆ. ಓಸ್ಟ್‌ವಾಲ್ಡ್ ಹೇಳಿದ್ದು ಇದನ್ನೇ.

ನಡುವಿನ ಸಾಂದ್ರತೆಗಳಲ್ಲಿ ಇನ್ನೊಂದು ಉಪಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರದು. 0.001 ಮೋಲಾರ್ ಇದೆ ಅನ್ನಿ. ಎಕ್ಸ್ ಬಿಟ್ಟು ಬಿಡಿಸಿದರೆ 1.34 × 10⁻⁴. ನೂರಕ್ಕೆ ಹದಿಮೂರು, ಗೆರೆ ದಾಟಿತು. ಈಗ ಈ ಉತ್ತರವನ್ನೇ ತೆಗೆದುಕೊಂಡು ಮೂಲ ಸಾಂದ್ರತೆಯಿಂದ ಕಳೆದು ಮತ್ತೆ ವರ್ಗಮೂಲ ತೆಗೆಯಿರಿ: 1.25 × 10⁻⁴. ಅದನ್ನು ಕಳೆದು ಇನ್ನೊಮ್ಮೆ ತೆಗೆಯಿರಿ: 1.255 × 10⁻⁴. ವರ್ಗ ಸಮೀಕರಣದ ಉತ್ತರವೂ 1.255. ಮೊದಲು ಹೆಚ್ಚಾಯಿತು, ಆಮೇಲೆ ತುಸು ಕಡಿಮೆಯಾಯಿತು, ಮೂರನೆಯ ಸಲಕ್ಕೆ ಕೂತಿತು. ನನ್ನ ವಿದ್ಯಾರ್ಥಿ ಕಾಲದಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ. ಕ್ಲಾರ್ಕ್ಸ್ ಟೇಬಲ್ಸ್ ಎಂಬ ಲಾಗ್ ಪುಸ್ತಕದ ಪುಟದ ಮೇಲೆ ಬೆರಳು ಜಾರಿಸುತ್ತ, ಸರಾಸರಿ ವ್ಯತ್ಯಾಸದ ಕಾಲಮ್ಮಿನಿಂದ ಕೊನೆಯ ಅಂಕೆ ಹುಡುಕಿ ಕೂಡಿಸುತ್ತ, ಸೂಚ್ಯಂಕಕ್ಕೆ ತಲೆಯ ಮೇಲೆ ಗೀಟು ಹಾಕುತ್ತ ಈ ಮೂರು ಸುತ್ತು ಮುಗಿಸಬೇಕಿತ್ತು. ಲೆಕ್ಕ ನಿಧಾನವಾಗಿ ಉತ್ತರದ ಹತ್ತಿರ ಸರಿಯುವುದು ಆಗ ಬೆರಳಿನ ತುದಿಗೇ ತಿಳಿಯುತ್ತಿತ್ತು.

ನೀರನ್ನು ಬಿಟ್ಟದ್ದರ ಫಲವನ್ನು ತೋರಿಸುವ ಲೆಕ್ಕ ಬೇರೆಯೇ ಇದೆ, ಮತ್ತು ಅದು ಅಖಿಲ ಭಾರತ ಖ್ಯಾತಿಯದು. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಪ್ರಬಲ ಆಮ್ಲ, ಪೂರ್ತಿ ಒಡೆಯುತ್ತದೆ, ಲಾಗ್ ತೆಗೆದರೆ 8. ಆದರೆ 8 ಎಂದರೆ ಪ್ರತ್ಯಾಮ್ಲ. ಶುದ್ಧ ನೀರಿಗೆ ಆಮ್ಲ ಹಾಕಿದ್ದಕ್ಕೆ ಅದು ಸೋಪಿನ ನೀರಿನ ಕಡೆಗೆ ತಿರುಗಿತೇ? ಇಲ್ಲಿ ಪಾತ್ರೆಯೊಳಗಿನವರ ಪಟ್ಟಿ ಬರೆದವರು ಮಾತ್ರ ದಡ ಮುಟ್ಟುತ್ತಾರೆ. ನೀರು ತಾನೇ 10⁻⁷ರಷ್ಟು ಹೈಡ್ರೋಜನ್ ಅಯಾನು ಇಟ್ಟುಕೊಂಡಿದೆ, ನಾವು ಹಾಕಿದ್ದು ಅದರ ಹತ್ತನೆಯ ಒಂದು ಪಾಲು. ಹಾಗೆಂದು ಎರಡನ್ನೂ ಕೂಡಿಸಿಬಿಟ್ಟರೂ ಸರಿಯಲ್ಲ. ಹಾಕಿದ ಆಮ್ಲ ನೀರಿನ ಒಡೆಯುವಿಕೆಯನ್ನು ಚೂರು ಹಿಂದಕ್ಕೆ ತಳ್ಳುತ್ತದೆ. ಆವೇಶಗಳ ಸಮೀಕರಣ ಬರೆದು ಬಿಡಿಸಿದರೆ 1.05 × 10⁻⁷, ಪಿಎಚ್ 6.98. ಏಳಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಆದರೆ ಕೆಳಗೇ. ಇಂಥ ಲೆಕ್ಕಕ್ಕೆ ಒಂದು ಪೂರ್ತಿ ಪೀರಿಯಡ್ಡು ಕೊಡಬೇಕೆಂಬುದು ನನ್ನ ವಾದವಾಗಿತ್ತು, ಕೊಡುತ್ತಲೂ ಇದ್ದೆ.

ಪಿಎಚ್ ಎಂಬ ಅಳತೆ ಬಂದದ್ದು ಒಂದು ಬಿಯರ್ ಕಾರ್ಖಾನೆಯಿಂದ ಎಂದರೆ ನಮ್ಮ ಸಾತ್ವಿಕರಿಗೆ ಸೋಜಿಗವಾದೀತು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥ ಸೋರೆನ್‌ಸೆನ್ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದ. ಹುಳಿ ತುಸು ಹೆಚ್ಚುಕಡಿಮೆಯಾದರೂ ಅವುಗಳ ನಡತೆ ಬದಲಾಗುತ್ತಿತ್ತು. ಸೊನ್ನೆ, ಬಿಂದು, ಸೊನ್ನೆಗಳ ಉದ್ದುದ್ದ ಸಾಲುಗಳ ಬದಲು ಘಾತವನ್ನಷ್ಟೇ ಬರೆಯುವ ಕ್ರಮವನ್ನು ಅವನು 1909ರಲ್ಲಿ ಮುಂದಿಟ್ಟ. ಅಳೆಯುವ ಯಂತ್ರದ ಕತೆ ನಿಂಬೆಹಣ್ಣಿನದು. ಕ್ಯಾಲಿಫೋರ್ನಿಯದ ಹಣ್ಣು ಬೆಳೆಗಾರರ ಸಂಘದಲ್ಲಿ ರಸ ಕೆಡದಿರಲೆಂದು ಹಾಕುತ್ತಿದ್ದ ಸಲ್ಫರ್ ಡೈಆಕ್ಸೈಡು ಲಿಟ್ಮಸ್ಸಿನ ಬಣ್ಣವನ್ನೇ ತಿಂದುಹಾಕುತ್ತಿದ್ದುದರಿಂದ, ಅಲ್ಲಿದ್ದ ಗೆಳೆಯನಿಗಾಗಿ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ವಿದ್ಯುತ್ ವರ್ಧಕವಿಟ್ಟು ಒಂದು ಮೀಟರು ಕಟ್ಟಿಕೊಟ್ಟ.

ಬಣ್ಣದ ಮಾತು ಬಂತು. ನಮ್ಮ ಮನೆಯಲ್ಲಿ ಆರತಿಯ ಓಕುಳಿ ನೀರು ಮಾಡುವುದು ಅಜ್ಜಿಯ ಅಧಿಕಾರ. ತಟ್ಟೆಯಲ್ಲಿ ನೀರು, ಅದಕ್ಕೆ ಅರಿಶಿನ, ಹಳದಿ. ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಚೂರು ಸುಣ್ಣ ತೆಗೆದು ಕದಡಿದರೆ ತಟ್ಟೆಯೆಲ್ಲ ರಕ್ತಾರುಣ. ಮದುಮಕ್ಕಳಿಗೆ ನಿವಾಳಿಸಿ ಅಂಗಳದಲ್ಲಿ ಚೆಲ್ಲುವ ಮೊದಲು ಆ ನೀರಿನಲ್ಲಿ ಒಂದು ಬಟ್ಟಲು ಕದ್ದು ತಂದು ನಿಂಬೆ ಹಿಂಡಿದರೆ ಮತ್ತೆ ಹಳದಿ. ಇನ್ನಷ್ಟು ಸುಣ್ಣ, ಮತ್ತೆ ಕೆಂಪು. ಸಾರು ಚೆಲ್ಲಿದ ಅಂಗಿಯನ್ನು ಸೋಪಿನಲ್ಲಿ ಉಜ್ಜಿದಾಗ ಹಳದಿ ಕಲೆ ಕೆಂಪಗಾಗುವುದನ್ನು ನೀವೂ ಕಂಡಿರುತ್ತೀರಿ. ಅರಿಶಿನದೊಳಗಿನ ಕರ್ಕ್ಯುಮಿನ್ ಕೂಡ ಒಂದು ದುರ್ಬಲ ಆಮ್ಲ. ಹೈಡ್ರೋಜನ್ ಅಯಾನು ಕೈಯಲ್ಲಿದ್ದಾಗ ಒಂದು ಬಣ್ಣ, ಕೊಟ್ಟ ಮೇಲೆ ಇನ್ನೊಂದು. ಎಲ್ಲ ಸೂಚಕಗಳ ಗುಟ್ಟೂ ಇಷ್ಟೇ. ಫಿನಾಲ್ಫ್ಥಲೀನ್ ಗುಲಾಬಿಯಾಗುವುದು ಪಿಎಚ್ 8.2 ದಾಟಿದ ಮೇಲೆ. 0.1 ಮೋಲಾರ್ ಅಸಿಟಿಕ್ ಆಮ್ಲವನ್ನು ಅಷ್ಟೇ ಸಾಂದ್ರತೆಯ ಕಾಸ್ಟಿಕ್ ಸೋಡದಿಂದ ಸರಿಗಟ್ಟಿದಾಗ ಉಳಿಯುವ ಸೋಡಿಯಂ ಅಸಿಟೇಟಿನ ಪಿಎಚ್ 7 ಅಲ್ಲ, 8.72; ಅದಕ್ಕೇ ಅಲ್ಲಿ ಫಿನಾಲ್ಫ್ಥಲೀನೇ ಆಗಬೇಕು. 3.1ರಿಂದ 4.4ರೊಳಗೆ ಬಣ್ಣ ಬದಲಿಸುವ ಮೀಥೈಲ್ ಆರೆಂಜ್ ಹಾಕಿದವನಿಗೆ ಕೆಲಸ ಅರ್ಧವೂ ಆಗುವ ಮೊದಲೇ ಮುಗಿದ ಹಾಗೆ ಕಾಣುತ್ತದೆ.

ಆ ಅರ್ಧದಾರಿಯೂ ಒಂದು ಪುಣ್ಯಕ್ಷೇತ್ರ. ಬೇಕಾದ ಸೋಡದಲ್ಲಿ ಸರಿಯಾಗಿ ಅರ್ಧ ಬಿದ್ದಾಗ ಆಮ್ಲವೂ ಅಸಿಟೇಟೂ ಸಮಸಮ, ಪಿಎಚ್ ಆಮ್ಲದ ಪಿಕೆಎಗೇ ಸಮ, 4.74. ಅಲ್ಲಿ ಇನ್ನಷ್ಟು ಆಮ್ಲ ಸುರಿಯಿರಿ, ಪ್ರತ್ಯಾಮ್ಲ ಸುರಿಯಿರಿ, ಅದು ಜಪ್ಪಯ್ಯ ಅನ್ನುವುದಿಲ್ಲ. ಎರಡೂ 0.1 ಮೋಲಾರ್ ಇರುವ ಒಂದು ಲೀಟರಿಗೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪಿಎಚ್ 4.66ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ ಆಮ್ಲ ಬರಿಯ ನೀರಿಗೆ ಬಿದ್ದರೆ 7ರಿಂದ 2ಕ್ಕೆ ಕುಸಿತ. ಬಫರ್ ದ್ರಾವಣ ಎನ್ನುವುದು ಇದನ್ನೇ. ಹಾರ್ವರ್ಡಿನ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಇದರ ಸೂತ್ರ ಬರೆದದ್ದು ರಕ್ತದ ವಿಚಾರ ತಿಳಿಯಲೆಂದು; 1916ರಲ್ಲಿ ಡೆನ್ಮಾರ್ಕಿನ ಹಾಸೆಲ್‌ಬಾಲ್ಖ್ ಅದನ್ನು ಲಾಗ್ ರೂಪಕ್ಕೆ ತಂದ. ನಿಮ್ಮ ನನ್ನ ರಕ್ತದಲ್ಲಿ ಲೀಟರಿಗೆ ಸುಮಾರು 24 ಮಿಲಿಮೋಲ್ ಬೈಕಾರ್ಬನೇಟ್, 1.2 ಮಿಲಿಮೋಲ್ ಕರಗಿದ ಕಾರ್ಬನ್ ಡೈಆಕ್ಸೈಡ್. ಇಪ್ಪತ್ತಕ್ಕೆ ಒಂದು. ಇಪ್ಪತ್ತರ ಲಾಗ್ 1.3, ಪಿಕೆಎ 6.1, ಕೂಡಿದರೆ 7.4. ಪಿಕೆಎಯಿಂದ ಒಂದಕ್ಕಿಂತ ದೂರ ಹೋದರೆ ಬಫರಿಗೆ ಕಸುವು ಕಡಿಮೆ ಎಂದು ಪುಸ್ತಕ ಹೇಳುತ್ತದೆ, ರಕ್ತವಾದರೋ 1.3 ದೂರದಲ್ಲಿದ್ದುಕೊಂಡೇ ಜೀವಮಾನವಿಡೀ 7.35ಕ್ಕೂ 7.45ಕ್ಕೂ ನಡುವೆ ಸಂಸಾರ ನಡೆಸುತ್ತದೆ. ಕಾರಣ ಅದು ಮುಚ್ಚಿದ ಬೀಕರಲ್ಲ. ಹೆಚ್ಚಾದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕುತ್ತದೆ, ಬೈಕಾರ್ಬನೇಟಿನ ಉಸ್ತುವಾರಿಯನ್ನು ಮೂತ್ರಪಿಂಡ ನೋಡಿಕೊಳ್ಳುತ್ತದೆ. ಬೆಟ್ಟ ಹತ್ತಿ ಏದುಸಿರು ಬಿಡುವಾಗ ನಾವು ಆ ಭಾಗಾಕಾರದ ಕೆಳಗಿನ ಅಂಕಿಯನ್ನು ಸರಿಪಡಿಸುತ್ತಿರುತ್ತೇವೆ.

ಇಷ್ಟೆಲ್ಲ ಇರುವ ಅಧ್ಯಾಯಕ್ಕೆ ಈಗಿನ ಮಕ್ಕಳಿಗೆ ಸಿಗುವ ವೇಳೆ ಎಷ್ಟು ಗೊತ್ತೇ? ನಮ್ಮ ರಾಜ್ಯದ ಸಿಇಟಿಯಲ್ಲಿ ರಸಾಯನಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ. ತಲೆಗೆ 80 ಸೆಕೆಂಡು ಬಂತು. ಅಷ್ಟರಲ್ಲಿ ಪಾತ್ರೆಯೊಳಗಿನವರ ಪಟ್ಟಿ ಬರೆಯುವುದು ಎಲ್ಲಿಂದ, ಬಿಟ್ಟದ್ದನ್ನು ಮರಳಿ ನೋಡುವುದು ಎಲ್ಲಿಂದ? ವರ್ಗಮೂಲ ತೆಗೆದರು, ನಾಲ್ಕರಲ್ಲಿ ಹತ್ತಿರದ ಉತ್ತರಕ್ಕೆ ಕಪ್ಪು ಹಚ್ಚಿದರು, ಮುಂದಕ್ಕೆ ಹೋದರು. ಪ್ರಶ್ನೆ ತೆಗೆಯುವವರೂ ಪಾಪ, ಎಕ್ಸನ್ನು ಬಿಟ್ಟರೆ ನಡೆಯುವಂಥ ಅಂಕಿಗಳನ್ನೇ ಆರಿಸಿ ಕೊಡುತ್ತಾರೆ. ಹೀಗೆ ಬಿಡಬಾರದ ಕಡೆ ಬಿಟ್ಟರೆ ಏನಾಗುತ್ತದೆಂದು ಕಾಣದೆಯೇ ಒಳ್ಳೆಯ ರ‍್ಯಾಂಕ್ ತೆಗೆದುಕೊಂಡು ಹೋಗುವ ಮಕ್ಕಳಿದ್ದಾರೆ. ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಊಟಕ್ಕೆ ಕರೆದು ಪಾಯಸ ಬಡಿಸದೆ ಕಳಿಸಿದೆವಲ್ಲ ಎನ್ನಿಸುತ್ತದೆ.

ಎದುರುಮನೆಯ ಹುಡುಗಿ ಮೊದಲ ಪಿಯುಸಿ. ಸಂಜೆ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾಳೆ. ನಿನ್ನೆ ಅವಳಿಗೆ 0.1 ಮೋಲಾರ್ ಫಾಸ್ಫರಿಕ್ ಆಮ್ಲ ಕೊಟ್ಟಿದ್ದೆ. ಅದು ಮೂರು ಹೆಜ್ಜೆಯಲ್ಲಿ ಒಡೆಯುವ ಆಮ್ಲ, ಮೊದಲ ಹೆಜ್ಜೆಯ ಸ್ಥಿರಾಂಕ 7.1 × 10⁻³, ಎರಡನೆಯದು 6.3 × 10⁻⁸. ಅವಳು ವರ್ಗಮೂಲ ತೆಗೆದಳು, ನೂರಕ್ಕೆ ಇಪ್ಪತ್ತೇಳು ಬಂತು, ಪೆನ್ಸಿಲಿನಿಂದ ತಾನೇ ಅಡ್ಡಗೆರೆ ಎಳೆದು "ಬಿಡಕ್ಕಾಗಲ್ಲ ಸರ್" ಎಂದಳು. ವರ್ಗ ಸಮೀಕರಣ ಬಿಡಿಸಿ 0.023, ಪಿಎಚ್ 1.63 ಎಂದು ಬರೆದಳು. ಎರಡನೆಯ ಹೆಜ್ಜೆಯಲ್ಲಿ ಹುಟ್ಟುವ ಎಚ್‌ಪಿಒ4 ಅಯಾನು ಎಷ್ಟು ಎಂದು ಕೇಳಿದೆ. ಸಮೀಕರಣ ಬರೆದಳು, ಮೇಲೂ 0.023, ಕೆಳಗೂ 0.023, ಎರಡನ್ನೂ ಹೊಡೆದುಹಾಕಿದಳು, ಉಳಿದದ್ದು 6.3 × 10⁻⁸, ಸ್ಥಿರಾಂಕವೇ.

"ಹಂಗಾದ್ರೆ ಆಸಿಡ್ ಇದರ ಎರಡರಷ್ಟು ಹಾಕಿದ್ರೂ ಇಷ್ಟೇನಾ ಸರ್?"

"ಹೆಚ್ಚುಕಡಿಮೆ ಇಷ್ಟೇ."

"ಅದು ಹೆಂಗೆ?"

"ಕೂತು ಬರಿ. ಮೊದಲು ಪಾತ್ರೆಯಲ್ಲಿ ಯಾರ್ಯಾರಿದ್ದಾರೆ ಅಂತ."

ಅವಳು ಹೊಸ ಪುಟ ತಿರುಗಿಸಿದಳು. ಈ ಸಲ ಆರು ಹೆಸರುಗಳು ಬೇಕು.